ಜರ್ಮನ್ ಸಾಸೇಜ್ ಅಂಗಡಿ: ಬಿಸಿ ತಾಗಿದ್ದು ಯಾವಾಗ ಅನ್ನುವುದೇ ಲೆಕ್ಕ

ಜರ್ಮನಿಯ ಸಣ್ಣ ಊರೊಂದರ ಮಾಂಸದಂಗಡಿಗೆ ಮೊದಲ ಸಲ ಹೋದರೆ ಗಾಜಿನ ಕೌಂಟರ್ ಮುಂದೆ ಸುಮ್ನೆ ನಿಂತುಬಿಡುತ್ತೀರಿ. ಒಂದೇ ಕಡೆ ನಲವತ್ತು ಐವತ್ತು ಬಗೆ. ಕೆಂಪು, ಬಿಳಿ, ಕಂದು, ಕಪ್ಪು. ಒಂದು ಬೆರಳಿನಷ್ಟು ಸಣ್ಣ, ಇನ್ನೊಂದು ತೊಡೆಯಷ್ಟು ದಪ್ಪ. ಕೆಲವು ಹಿಂದಿನ ಗೋಡೆಯ ಕೊಕ್ಕೆಯಲ್ಲಿ ಫ್ರಿಜ್ ಹಂಗಿಲ್ಲದೆ ವಾರಗಟ್ಟಲೆ ನೇತಾಡುತ್ತಿರುತ್ತವೆ. ಕೆಲವನ್ನು ಕೊಡುವಾಗಲೇ ಇವತ್ತೇ ತಿಂದು ಮುಗಿಸಿ ಅನ್ನುತ್ತಾರೆ. ಎಲ್ಲದರಲ್ಲೂ ಇರುವುದು ಮಾಂಸ, ಕೊಬ್ಬು, ಉಪ್ಪು, ಮಸಾಲೆ ಅಷ್ಟೇ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಆ ದೇಶದಲ್ಲಿ 1,500 ಬಗೆ ಸಾಸೇಜ್ ಇದೆ ಅಂತ ಹೇಳುವುದುಂಟು. ಅಷ್ಟೂ ಹೆಸರು ಕಲಿಯಬೇಕಾಗಿಲ್ಲ. ಇದಕ್ಕೆ ಬಿಸಿ ತಾಗಿದ್ದು ಯಾವಾಗ ಅನ್ನುವ ಒಂದೇ ಪ್ರಶ್ನೆ ಕೇಳಿಕೊಂಡರೆ ಕೌಂಟರ್ ಪೂರ್ತಿ ಅರ್ಥವಾಗುತ್ತದೆ. ಕೆಲವಕ್ಕೆ ಬಿಸಿ ತಾಗುವುದೇ ಇಲ್ಲ. ಕೆಲವನ್ನು ಹಸಿಯಾಗಿ ಹೊದಿಕೆಯಾದ ಕರುಳಿಗೆ ತುಂಬಿ, ಆಮೇಲೆ ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಕೆಲವಕ್ಕೆ ಒಳಗಿನ ಸಾಮಾನನ್ನು ಮೊದಲೇ ಬೇಯಿಸಿ, ತುಂಬಿ, ಮತ್ತೊಮ್ಮೆ ಬೇಯಿಸುತ್ತಾರೆ. ಜರ್ಮನರು ತಮ್ಮ ಸಾಸೇಜನ್ನು ಅಧಿಕೃತವಾಗಿ ವಿಂಗಡಿಸುವುದೇ ಹೀಗೆ. ಆ ಮೂರು ಗುಂಪಿನ ಹೆಸರು ಕ್ರಮವಾಗಿ ರೋವುರ್ಸ್ಟ್, ಬ್ರ್ಯೂವುರ್ಸ್ಟ್, ಕೋಖ್‌ವುರ್ಸ್ಟ್. ವುರ್ಸ್ಟ್ ಅಂದರೆ ಸಾಸೇಜ್.

ನಾನು ಬ್ರ್ಯೂವುರ್ಸ್ಟ್‌ನಿಂದ ಶುರು ಮಾಡುತ್ತೇನೆ. ಕೌಂಟರಿನಲ್ಲಿ ಅದರದ್ದೇ ಪಾಲು ಜಾಸ್ತಿ. ಫ್ರಾಂಕ್‌ಫರ್ಟರ್, ವೀನರ್, ಲಿಯೋನರ್, ವೈಸ್‌ವುರ್ಸ್ಟ್ ಎಲ್ಲ ಇದೇ ಕುಲದವು. ಕತ್ತರಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಮಾಂಸದ ಎಳೆಯೇ ಕಾಣುವುದಿಲ್ಲ. ಒಳಗೆಲ್ಲ ನಯ, ಬೆರಳಿನಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ.

ಈ ನಯ ಬರುವುದು ಕುಟ್ಟರ್ ಅನ್ನುವ ಯಂತ್ರದಲ್ಲಿ. ಕೇಳೋಕೆ ನಮ್ಮ ಕುಟ್ಟುವುದರ ಹಾಗೇ ಇದೆ, ಆದರೆ ಅದು ಇಂಗ್ಲಿಷಿನ ಕಟ್ಟರ್‌ನಿಂದ ಹೋದ ಮಾತು. ದೊಡ್ಡ ಉಕ್ಕಿನ ಬೋಗುಣಿ ನಿಧಾನಕ್ಕೆ ತಿರುಗುತ್ತಿರುತ್ತದೆ, ಅದರೊಳಗೆ ಕುಡುಗೋಲಿನಂತೆ ಬಾಗಿದ ಅಲಗುಗಳು ನಿಮಿಷಕ್ಕೆ ಸಾವಿರಾರು ಸುತ್ತು ಓಡುತ್ತವೆ. ಮೊದಲು ಕೊಬ್ಬಿಲ್ಲದ ಮಾಂಸ ಮತ್ತು ಉಪ್ಪು ಹಾಕುತ್ತಾರೆ. ಆಮೇಲೆ ಪುಡಿ ಮಾಡಿದ ಮಂಜುಗಡ್ಡೆ, ಅದೂ ಒಟ್ಟು ತೂಕದ ಸುಮಾರು ಐದನೇ ಒಂದು ಪಾಲು. ಕೊನೆಗೆ ಕೊಬ್ಬು.

ಮಂಜುಗಡ್ಡೆ ಯಾಕೆ? ನೀರು ಸೇರಿಸಿ ತೂಕ ಹೆಚ್ಚಿಸುವ ಉಪಾಯ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಉಪ್ಪು ತಾಗಿದಾಗ ಮಾಂಸದ ಪ್ರೊಟೀನ್ ಕರಗಿ ಅಂಟಾಗುತ್ತದೆ. ಆ ಅಂಟು ನೀರನ್ನು ಹಿಡಿದುಕೊಳ್ಳುತ್ತದೆ, ಕೊಬ್ಬಿನ ಸಣ್ಣ ಸಣ್ಣ ಕಣಗಳ ಸುತ್ತ ಪೊರೆಯಂತೆ ಕೂರುತ್ತದೆ. ಆದರೆ ಅಲಗು ಅಷ್ಟು ಜೋರಾಗಿ ತಿರುಗಿದರೆ ಮಾಂಸ ಬಿಸಿಯಾಗದೆ ಇರುತ್ತದಾ? ಹೀಗೆ ಅರೆದ ಮಾಂಸದ ಹಿಟ್ಟು ಸುಮಾರು 12 ಡಿಗ್ರಿ ದಾಟಿದರೆ ಕೊಬ್ಬು ಮೆತ್ತಗಾಗಿ ಆ ಪೊರೆಯಿಂದ ಜಾರಿಕೊಳ್ಳುತ್ತದೆ. ಬೇಯಿಸಿದ ಮೇಲೆ ಕೊಬ್ಬು ಒಂದು ಕಡೆ, ನೀರು ಒಂದು ಕಡೆ, ಒಣ ಮಾಂಸ ಇನ್ನೊಂದು ಕಡೆ. ಮಜ್ಜಿಗೆ ಹುಳಿ ಜಾಸ್ತಿ ಕುದ್ದರೆ ಒಡೆಯುತ್ತದಲ್ಲ, ಹಾಗೆ. ಬೇಸಿಗೆಯಲ್ಲಿ ಉದ್ದು ರುಬ್ಬುವಾಗ ಗ್ರೈಂಡರಿಗೆ ಐಸ್ ನೀರು ಹಾಕುವವರಿಗೆ ಈ ಮಂಜುಗಡ್ಡೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

ನಾನಿದ್ದ ಊರಿನ ಅಂಗಡಿಯವರು ಒಂದು ಬೆಳಿಗ್ಗೆ ಆರಕ್ಕೆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಇದನ್ನು ತೋರಿಸಿದ್ದರು. ಕುಟ್ಟರ್‌ಗೆ ಥರ್ಮಾಮೀಟರ್ ಇತ್ತು. ಆದರೂ ಅವರು ಯಂತ್ರ ನಿಲ್ಲಿಸಿ ಒಂದು ಮುಷ್ಟಿ ಹಿಟ್ಟು ತೆಗೆದು, ಅಂಗೈಗೆ ಒತ್ತಿ, ಕೈ ಮಗುಚಿದರು. ಹಿಟ್ಟು ಬೀಳಲಿಲ್ಲ. ಅಂಗೈಗೇ ಕಚ್ಚಿಕೊಂಡು ನೇತಾಡಿತು. ಸರಿ ಅಂತ ತಲೆಯಾಡಿಸಿ ಮತ್ತೆ ಗುಂಡಿ ಒತ್ತಿದರು. ಅಳತೆ ಯಂತ್ರ ಹೇಳುವುದು ಶಾಖವನ್ನು ಮಾತ್ರ, ಅಂಟು ಬಂದಿದೆಯೋ ಇಲ್ಲವೋ ಕೈಗೇ ಗೊತ್ತಾಗಬೇಕು.

ಈ ಹಿಟ್ಟಿಗೆ ಅವರು ಬ್ರೇಟ್ ಅನ್ನುತ್ತಾರೆ. ಬ್ರಾಟ್‌ವುರ್ಸ್ಟ್ ಅನ್ನುವ ಹೆಸರು ಹುಟ್ಟಿದ್ದು ಇದರಿಂದಲೇ. ಹುರಿಯುವುದಕ್ಕೆ ಜರ್ಮನ್‌ನಲ್ಲಿ ‘ಬ್ರಾಟೆನ್’ ಅನ್ನುವುದರಿಂದ ಹುರಿದು ತಿನ್ನುವ ಸಾಸೇಜ್ ಅಂತ ಎಲ್ಲರೂ ತಿಳಿಯುತ್ತಾರೆ, ಆದರೆ ಮೂಲದಲ್ಲಿ ಅದು ಕೊಚ್ಚಿದ ಮಾಂಸದ ಹೆಸರು. ತುಂಬಿದ ಮೇಲೆ ಬೇಯಿಸುವುದು 75 ಡಿಗ್ರಿ ಆಸುಪಾಸಿನ ನೀರಿನಲ್ಲಿ. ಕುದಿಸುವಂತಿಲ್ಲ. ಕುದಿಸಿದರೆ ಕರುಳು ಬಿರಿದು ಎಲ್ಲ ನೀರುಪಾಲು. ಮನೆಯಲ್ಲಿ ಬಿಸಿ ಮಾಡುವಾಗಲೂ ಅಷ್ಟೇ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಸಾಸೇಜ್ ಹಾಕಿ ಹತ್ತು ನಿಮಿಷ ಬಿಡಬೇಕು.

ಫ್ರಾಂಕ್‌ಫರ್ಟರ್ ಮತ್ತು ವೀನರ್ ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಹಳೇ ಫ್ರಾಂಕ್‌ಫರ್ಟಿನಲ್ಲಿ ಹಂದಿ ಕಡಿಯುವವರೇ ಬೇರೆ, ದನ ಕಡಿಯುವವರೇ ಬೇರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ ಅನ್ನುತ್ತಾರೆ. ಅಲ್ಲಿ ಕಸಬು ಕಲಿತ ಯೋಹಾನ್ ಗಿಯೋರ್ಗ್ ಲಾನರ್ ವಿಯೆನ್ನಾಗೆ ಹೋದರು. ಅಲ್ಲಿ ಆ ಕಟ್ಟುಪಾಡು ಇರಲಿಲ್ಲ. 1805ರಲ್ಲಿ ಎರಡೂ ಮಾಂಸ ಬೆರೆಸಿ ಸಾಸೇಜ್ ಮಾಡಿದರು. ವಿಯೆನ್ನಾದ ಜನ ಅದನ್ನು ಫ್ರಾಂಕ್‌ಫರ್ಟರ್ ಅಂದರು, ಜರ್ಮನಿಯ ಜನ ವೀನರ್, ಅಂದರೆ ವಿಯೆನ್ನಾದ್ದು ಅಂದರು. ಇವತ್ತಿಗೂ ಹಾಗೇ ಕರೆಯುತ್ತಾರೆ. ಜರ್ಮನಿಯ ಅಂಗಡಿಯಲ್ಲಿ ಫ್ರಾಂಕ್‌ಫರ್ಟರ್ ಕೇಳಿದರೆ ಬರೀ ಹಂದಿಮಾಂಸದ್ದು ಸಿಗುತ್ತದೆ.

ಲೇಬರ್‌ಕೇಸೆ ಇನ್ನೊಂದು. ಹೆಸರಿನ ಅರ್ಥ ಲಿವರ್ ಚೀಸ್. ಬವೇರಿಯಾದಲ್ಲಿ ಮಾಡುವುದರಲ್ಲಿ ಲಿವರೂ ಇಲ್ಲ, ಚೀಸೂ ಇಲ್ಲ. ಅದೇ ನಯವಾದ ಹಿಟ್ಟನ್ನು ಕರುಳಿಗೆ ತುಂಬದೆ ಬ್ರೆಡ್ಡಿನ ಅಚ್ಚಿನಂಥ ಡಬ್ಬಿಯಲ್ಲಿ ಓವನ್ನಿಗೆ ಇಡುತ್ತಾರೆ. ಮೇಲೆ ಕಂದು ಬಣ್ಣದ ಗರಿಗರಿ ಪದರ ಬರುತ್ತದೆ. ಬಿಸಿಬಿಸಿ ದಪ್ಪ ಹೋಳು, ದುಂಡನೆ ಬನ್ನು, ಮೇಲೆ ಸಾಸಿವೆ. ಬೆಳಗಿನ ಹೊತ್ತು ಕೂಲಿಯವರು, ಶಾಲೆಯವರು, ಆಫೀಸಿನವರು ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುವುದು ಇದಕ್ಕಾಗಿ.

ಮ್ಯೂನಿಕ್‌ನ ವೈಸ್‌ವುರ್ಸ್ಟ್ ಬಿಳಿ ಸಾಸೇಜ್. ಕರುವಿನ ಮಾಂಸ, ಹಂದಿಯ ಕೊಬ್ಬು, ಪಾರ್ಸ್ಲೆ ಸೊಪ್ಪು, ನಿಂಬೆ ಸಿಪ್ಪೆ, ಜಾಪತ್ರೆ. 1857ರಲ್ಲಿ ಮರಿಯೆನ್‌ಪ್ಲಾಟ್ಸ್ ಚೌಕದ ಒಂದು ಹೋಟೆಲಿನಲ್ಲಿ ಹುಟ್ಟಿತು ಅನ್ನುವುದು ಆ ಊರಿನ ಕತೆ. ಮಧ್ಯಾಹ್ನ ಹನ್ನೆರಡರ ಗಂಟೆಯ ಸದ್ದು ಅದರ ಕಿವಿಗೆ ಬೀಳಬಾರದು ಅಂತ ಒಂದು ಮಾತಿದೆ. ಅದಕ್ಕೊಂದು ಕಾರಣ ಇತ್ತು. ಇದಕ್ಕೆ ಬರೀ ಉಪ್ಪು ಹಾಕುತ್ತಾರೆ, ಬೇರೆ ಸಾಸೇಜಿಗೆ ಹಾಕುವ ನೈಟ್ರೈಟ್ ಉಪ್ಪು ಹಾಕುವುದಿಲ್ಲ. ಅದಕ್ಕೇ ಬಿಳಿ. ಫ್ರಿಜ್ ಇಲ್ಲದ ಕಾಲದಲ್ಲಿ ನಸುಕಿನಲ್ಲಿ ಮಾಡಿದ್ದು ಮಧ್ಯಾಹ್ನದೊಳಗೆ ಮುಗಿಯಲೇಬೇಕಿತ್ತು.

ಆ ನೈಟ್ರೈಟ್ ಉಪ್ಪಿನ ವಿಷಯ ತಿಳಿಯದೆ ಗೋಡೆಯ ಮೇಲೆ ನೇತಾಡುವ ಸಾಸೇಜ್ ಅರ್ಥವಾಗುವುದಿಲ್ಲ. ಗೋಡೆಯ ಮೇಲಿರುವುದು ರೋವುರ್ಸ್ಟ್. ‘ರೋ’ ಅಂದರೆ ಹಸಿ. ಸಲಾಮಿ, ಸೆರ್ವೆಲಾಟ್, ಜೇಬಿನಲ್ಲಿಟ್ಟುಕೊಂಡು ಹೋಗುವ ಲಾಂಡ್‌ಯೇಗರ್ ಎಲ್ಲ ಇದರಲ್ಲಿ ಬರುತ್ತವೆ. ಇವುಗಳನ್ನು ಯಾರೂ ಬೇಯಿಸಿಲ್ಲ. ಹೊಗೆ ಕೊಟ್ಟಿರುತ್ತಾರೆ, ಆದರೆ ಅದು ತಣ್ಣನೆ ಹೊಗೆ, ಹೆಚ್ಚೆಂದರೆ 25 ಡಿಗ್ರಿ. ಹಸಿ ಹಂದಿಮಾಂಸ ವಾರಗಟ್ಟಲೆ ಹೊರಗೆ ನೇತಾಡಿಯೂ ಕೆಡುವುದಿಲ್ಲ ಅಂದರೆ ನಂಬೋಕೆ ಕಷ್ಟ, ಅಲ್ವಾ?

ಅಲ್ಲಿ ನಡೆಯುವುದು ನಮ್ಮ ದೋಸೆ ಹಿಟ್ಟಿನಲ್ಲಿ ನಡೆಯುವ ಕೆಲಸವೇ. ಲ್ಯಾಕ್ಟಿಕ್ ಆಮ್ಲ ಮಾಡುವ ಅದೇ ಜಾತಿಯ ಬ್ಯಾಕ್ಟೀರಿಯಾ ಇಲ್ಲೂ ಕೂತಿರುತ್ತವೆ. ಅವುಗಳ ಊಟಕ್ಕೆ ಸ್ವಲ್ಪ ಸಕ್ಕರೆ ಹಾಕುತ್ತಾರೆ. ಮೊದಲ ಎರಡು ಮೂರು ದಿನ ಬೆಚ್ಚನೆ, ತೇವದ ಕೋಣೆಯಲ್ಲಿ ಮಾಂಸ ಹುಳಿಯಾಗುತ್ತದೆ. ಹುಳಿ ಬಂದಂತೆ ಮಾಂಸ ಹಿಡಿದಿಟ್ಟ ನೀರನ್ನು ಬಿಡುತ್ತದೆ, ಗಟ್ಟಿಯಾಗುತ್ತದೆ. ಆಮೇಲೆ ವಾರಗಟ್ಟಲೆ ಒಣಗುತ್ತದೆ. ಕೊನೆಗೆ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗಿರುತ್ತದೆ, ಸಲಾಮಿ ದುಬಾರಿ ಆಗುವುದು ಇದರಿಂದಲೇ. ಉಪ್ಪು, ಹುಳಿ, ಒಣಗುವಿಕೆ, ಹೊಗೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ಮಾಂಸವನ್ನು ಕಾಯಲಾರದು. ನಾಲ್ಕೂ ಒಂದರ ಹಿಂದೆ ಒಂದು ಬಂದರೆ ಕೆಡಿಸುವ ಜೀವಿಗಳಿಗೆ ಜಾಗವೇ ಇರುವುದಿಲ್ಲ. ಒಲೆಯ ಮೇಲೆ ಮಾಂಸ ಕಟ್ಟಿ ಹೊಗೆ ಹಾಯಿಸಿ ಇಟ್ಟ, ಪಂದಿ ಕರಿಗೆ ಕಾಚಂಪುಳಿ ಹಾಕುವ ಕೊಡಗಿನ ಮನೆಗಳಿಗೆ ಹೊಗೆ ಮತ್ತು ಹುಳಿಯ ಬೆಲೆ ಚೆನ್ನಾಗಿ ಗೊತ್ತು.

ಆದರೂ ಒಂದು ಶತ್ರು ಉಳಿಯುತ್ತದೆ, ಅದು ಬೇರೆಯವುಗಳ ಹಾಗಲ್ಲ. ಗಾಳಿ ಇಲ್ಲದ ಕಡೆಯೇ ಅದು ಬೆಳೆಯುವುದು, ಕರುಳಿನೊಳಗೆ ಒತ್ತಿ ತುಂಬಿದ ಮಾಂಸ ಅದಕ್ಕೆ ಹೇಳಿ ಮಾಡಿಸಿದ ಮನೆ. 1793ರಲ್ಲಿ ವ್ಯೂರ್ಟೆಂಬರ್ಗ್ ಸೀಮೆಯ ವಿಲ್ಡ್‌ಬಾಡ್ ಊರಿನಲ್ಲಿ ರಕ್ತದ ಸಾಸೇಜ್ ತಿಂದ 13 ಜನ ಕಾಯಿಲೆ ಬಿದ್ದರು, ಆರು ಜನ ಸತ್ತರು. ಕಣ್ಣು ಮಂಜಾಗುವುದು, ನುಂಗಲು ಆಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಅದೇ ಸೀಮೆಯ ವೈದ್ಯ, ಕವಿಯೂ ಆಗಿದ್ದ ಯುಸ್ಟೀನುಸ್ ಕೆರ್ನರ್ ಇಂಥ ಪ್ರಕರಣಗಳನ್ನು ಒಂದೊಂದಾಗಿ ಕೂಡಿಹಾಕಿ 1820 ಮತ್ತು 1822ರಲ್ಲಿ ಪ್ರಕಟಿಸಿದರು. ಸಾಸೇಜಿನಿಂದ ತೆಗೆದ ಸಾರವನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡರು. ಈ ವಿಷ ಗಾಳಿಯಿಲ್ಲದ ಕಡೆ ಹುಟ್ಟುತ್ತದೆ ಅಂತ ಗುರುತಿಸಿದರು, ಮುಂದೊಂದು ದಿನ ಇದು ಔಷಧಿಯೂ ಆಗಬಹುದು ಅಂತಲೂ ಬರೆದರು. ಆ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಸಿಕ್ಕಿದ್ದು 1895ರಲ್ಲಿ, ಬೆಲ್ಜಿಯಮ್ಮಿನಲ್ಲಿ ಹಂದಿ ತೊಡೆ ತಿಂದು ಜನ ಸತ್ತಾಗ. ಲ್ಯಾಟಿನ್‌ನಲ್ಲಿ ಸಾಸೇಜಿಗೆ ಬಾಟುಲುಸ್ ಅನ್ನುತ್ತಾರೆ, ಕಾಯಿಲೆಗೆ ಬಾಟುಲಿಸಂ ಅಂತ ಹೆಸರು ಬಂದದ್ದು ಹಾಗೆ. ಇವತ್ತು ಸ್ನಾಯು ಸೆಳೆತಕ್ಕೂ ಮುಖದ ಸುಕ್ಕಿಗೂ ಕೊಡುವ ಬೊಟಾಕ್ಸ್ ಅದೇ ವಿಷ, ಅತಿ ಸಣ್ಣ ಪ್ರಮಾಣದಲ್ಲಿ.

ಈ ಬ್ಯಾಕ್ಟೀರಿಯಾವನ್ನು ತಡೆಯುವುದು ನೈಟ್ರೈಟ್. ಮಾಂಸದ ಗುಲಾಬಿ ಬಣ್ಣ ಬೆಂದ ಮೇಲೂ ಉಳಿಯುವುದು ಅದರಿಂದಲೇ. ಹೆಚ್ಚು ತಿಂದರೆ ನೈಟ್ರೈಟ್ ಕೂಡ ವಿಷ. ಅದಕ್ಕೆ ಜರ್ಮನಿ 1934ರಲ್ಲೇ ಕಾನೂನು ಮಾಡಿತು. ಅಂಗಡಿಯವರು ಶುದ್ಧ ನೈಟ್ರೈಟನ್ನು ಮುಟ್ಟುವ ಹಾಗಿಲ್ಲ, ಅಡುಗೆ ಉಪ್ಪಿನೊಳಗೆ ಅರ್ಧ ಶೇಕಡದಷ್ಟು ಬೆರೆಸಿ ತಯಾರಾಗಿ ಬರುವುದನ್ನೇ ಕೊಳ್ಳಬೇಕು. ಲೆಕ್ಕ ತಪ್ಪಿ ಜಾಸ್ತಿ ಹಾಕಿದರೆ ವಿಷವಾಗುವ ಮೊದಲೇ ತಿನ್ನಲಾಗದಷ್ಟು ಉಪ್ಪಾಗಿರುತ್ತದೆ. ಇಷ್ಟು ಸರಳವಾದ, ಇಷ್ಟು ಜೀವ ಉಳಿಸಿದ ಏರ್ಪಾಡು ಅಡುಗೆಯ ಇತಿಹಾಸದಲ್ಲಿ ಕಡಿಮೆ ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇಕಡ 18ರಷ್ಟು ಹೆಚ್ಚುತ್ತದೆ ಅನ್ನುವುದು ಅವರ ಲೆಕ್ಕ. ಹಾಗಾಗಿ ನಾನು ಇದನ್ನು ಆಗೊಮ್ಮೆ ಈಗೊಮ್ಮೆ ತಿನ್ನುತ್ತೇನೆ, ತಿಂದಾಗ ಒಳ್ಳೆಯದನ್ನೇ ತಿನ್ನುತ್ತೇನೆ.

ಮೂರನೆಯ ಗುಂಪು ಕೋಖ್‌ವುರ್ಸ್ಟ್. ಲಿವರ್ ಸಾಸೇಜ್, ರಕ್ತದ ಸಾಸೇಜ್, ತಲೆಮಾಂಸವನ್ನು ಜೆಲ್ಲಿಯಲ್ಲಿ ಹಿಡಿಸಿದ್ದು. ಇವನ್ನು ಹೆಪ್ಪುಗಟ್ಟಿಸುವುದು ಚರ್ಮ ಮತ್ತು ಕಾಲಿನ ಅಂಟು. ಕಾಲು ಸೂಪ್ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಅಲುಗಾಡುವ ಗಡ್ಡೆಯಾಗಿರುತ್ತದಲ್ಲ, ಅದೇ. ಕುರಿ ಕೊಯ್ದ ಮನೆಯಲ್ಲಿ ರಕ್ತದ ಪಲ್ಯ ಮೊದಲು, ಬೋಟಿ ಗೊಜ್ಜು ಆಮೇಲೆ, ಮಾಂಸ ನಾಳೆಗೂ ಆಯಿತು ಅನ್ನುವ ಕ್ರಮ ನಮ್ಮ ಹಳ್ಳಿಗಳಲ್ಲಿ ಇದೆ. ಅಲ್ಲೂ ಹಾಗೇ, ಬೇಗ ಕೆಡುವುದನ್ನು ಮೊದಲು ಬೇಯಿಸಿಬಿಡುತ್ತಿದ್ದರು. ಇಡೀ ಪ್ರಾಣಿಯನ್ನು ಕೊಂಡ ಕುಟುಂಬದ ಅಂಗಡಿ ನಾಲ್ಕು ಕಾಸು ಉಳಿಸುವುದು ಈ ಗುಂಪಿನಲ್ಲಿ. ಚಾಪ್ಸ್ ಯಾರು ಬೇಕಾದರೂ ಮಾರಬಹುದು, ಲಿವರನ್ನೂ ತಲೆಯನ್ನೂ ಜನ ಸಾಲು ನಿಂತು ಕೊಳ್ಳುವಂತೆ ಮಾಡುವುದು ಕಸಬು.

ಬೋಟಿ ಅಂದೆನಲ್ಲ, ಸಾಸೇಜಿನ ಹೊದಿಕೆಯೂ ಅದೇ. ತೆಳ್ಳನೆಯವಕ್ಕೆ ಕುರಿಯ ಕರುಳು, ಬ್ರಾಟ್‌ವುರ್ಸ್ಟಿಗೆ ಸಾಮಾನ್ಯವಾಗಿ ಹಂದಿಯದು. ಉಪ್ಪಿನಲ್ಲಿಟ್ಟು ಬರುತ್ತದೆ, ನೆನೆಸಿ ತೊಳೆಯುತ್ತಾರೆ. ಥುರಿಂಗಿಯಾದ ಬ್ರಾಟ್‌ವುರ್ಸ್ಟಿನ ಅತಿ ಹಳೆಯ ದಾಖಲೆ ಕೂಡ ಕರುಳಿನ ಖರ್ಚಿನ ಲೆಕ್ಕವೇ: 1404ರಲ್ಲಿ ಆರ್ನ್‌ಷ್ಟಾಟ್ ಊರಿನ ಕನ್ಯಾಮಠದವರು ಬ್ರಾಟ್‌ವುರ್ಸ್ಟಿಗೆ ಕರುಳು ಕೊಂಡದ್ದಕ್ಕೆ ಒಂದು ಗ್ರೋಷನ್ ನಾಣ್ಯ ಅಂತ ಬರೆದಿಟ್ಟಿದ್ದಾರೆ. ನ್ಯೂರೆಂಬರ್ಗಿನದ್ದು ಇನ್ನೂ ಕಟ್ಟುನಿಟ್ಟು. ಕುರಿಯ ಕರುಳು, ಉದ್ದ 7ರಿಂದ 9 ಸೆಂಟಿಮೀಟರ್, ತೂಕ 20ರಿಂದ 25 ಗ್ರಾಂ, ಆ ಊರಿನೊಳಗೇ ಮಾಡಿರಬೇಕು. 2003ರಿಂದ ಯುರೋಪಿನ ಭೌಗೋಳಿಕ ಗುರುತು ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರುವಂಥದ್ದು. ಅದರ ಮುಖ್ಯ ಮಸಾಲೆ ಯಾವುದು ಗೊತ್ತಾ? ಮರುಗ. ಹೂವಿನ ಜೊತೆ ಕಟ್ಟಿ ಮುಡಿಯುವ ಅದೇ ಮರುಗ. ಮೊದಲ ಸಲ ಕೆಂಡದ ಮೇಲಿಂದ ಬಂದ ಆ ಪರಿಮಳಕ್ಕೆ ನನಗೆ ನೆನಪಾಗಿದ್ದು ಅಜ್ಜಿಯ ಹೂವಿನ ಬುಟ್ಟಿ.

ಇದನ್ನೆಲ್ಲ ಮಾಡುವ ಹಕ್ಕು ಯಾರಿಗಿದೆ ಅನ್ನುವುದೂ ದೊಡ್ಡ ವಿಷಯ. ದಕ್ಷಿಣದಲ್ಲಿ ಮೆಟ್ಸ್‌ಗರ್, ಉತ್ತರದಲ್ಲಿ ಶ್ಲಾಖ್ಟರ್, ಪೂರ್ವದಲ್ಲಿ ಫ್ಲೈಶರ್, ಕರೆಯುವುದು ಹೇಗಾದರೂ ಅಂಗಡಿ ನಡೆಸಲು ಸಾಮಾನ್ಯವಾಗಿ ಮೈಸ್ಟರ್, ಅಂದರೆ ಕಸಬಿನ ಗುರು ಅನ್ನುವ ಪದವಿ ಬೇಕು, ಇಲ್ಲವೇ ಆ ಪದವಿ ಇರುವವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು. ಮೊದಲು ಮೂರು ವರ್ಷ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಶಾಲೆಗೂ ಹೋಗಬೇಕು. ಆಮೇಲೆ ಮೈಸ್ಟರ್ ಪರೀಕ್ಷೆ, ಅದರಲ್ಲಿ ನಾಲ್ಕು ಭಾಗ: ಕೈಕೆಲಸ, ಅದರ ಶಾಸ್ತ್ರ, ಲೆಕ್ಕಪತ್ರ ಮತ್ತು ಕಾನೂನು, ಕೊನೆಯದು ಇನ್ನೊಬ್ಬರಿಗೆ ಕಲಿಸುವುದು ಹೇಗೆ ಅನ್ನುವುದು. ಈ ನಾಲ್ಕನೇ ಭಾಗ ನನಗೆ ತುಂಬಾ ಇಷ್ಟ. ಕಲಿಸಲು ಬಾರದವರಿಗೆ ಗುರು ಅನ್ನುವ ಹೆಸರನ್ನೇ ಕೊಡುವುದಿಲ್ಲ. 2004ರಲ್ಲಿ ಜರ್ಮನಿ ಐವತ್ತಕ್ಕೂ ಹೆಚ್ಚು ಕಸಬುಗಳಿಗೆ ಈ ಕಡ್ಡಾಯವನ್ನು ತೆಗೆದಾಗಲೂ ಮಾಂಸದ ಕಸಬಿಗೆ ಉಳಿಸಿಕೊಂಡಿತು. ವಿಲ್ಡ್‌ಬಾಡ್ ಕತೆ ಓದಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಕೌಂಟರಿನ ಹಿಂದೆ ನಿಂತು ಮಾರುವ ಕೆಲಸಕ್ಕೂ ಅಲ್ಲಿ ಮೂರು ವರ್ಷದ ಕಲಿಕೆ ಇದೆ.

ಎಷ್ಟೋ ಮನೆಗಳಲ್ಲಿ ಒಬ್ಬರು ಹಿಂದೆ ಸಾಸೇಜ್ ಮಾಡುತ್ತಾರೆ, ಇನ್ನೊಬ್ಬರು ಮುಂದೆ ಕೌಂಟರ್ ನೋಡಿಕೊಳ್ಳುತ್ತಾರೆ. ಡೆಲಿಕಾಟೆಸನ್ ಅನ್ನುವ ಭಾಗ ಬೆಳೆಯುವುದು ಈ ಮುಂದಿನ ಕಡೆಯಲ್ಲಿ. ಹೆಸರಿನ ಅರ್ಥ ರುಚಿಯಾದ ತಿನಿಸುಗಳು, ಫ್ರೆಂಚಿನಿಂದ ಜರ್ಮನ್‌ಗೆ ಬಂದ ಮಾತು. ಲಿಯೋನರ್ ಕತ್ತರಿಸುವಾಗ ತುದಿ ಉಳಿಯುತ್ತದೆ. ಅದನ್ನು ಸಣ್ಣಗೆ ಸೀಳಿ, ಈರುಳ್ಳಿ, ವಿನೆಗರ್ ಹಾಕಿದರೆ ಸಾಸೇಜ್ ಸಲಾಡ್. ಜೊತೆಗೆ ಆಲೂಗಡ್ಡೆ ಸಲಾಡ್. ಮಧ್ಯಾಹ್ನಕ್ಕೆ ಒಂದು ಬಿಸಿ ಊಟ. ಸಾಸೇಜ್ ತಿನ್ನಲು ಬೇಕಾದ ಸಾಸಿವೆ, ಉಪ್ಪಿನ ಸೌತೆಕಾಯಿ, ಚೀಸ್, ಬ್ರೆಡ್. ಮದುವೆ, ಹುಟ್ಟುಹಬ್ಬಕ್ಕೆ ತಟ್ಟೆ ಜೋಡಿಸಿ ಕೊಡುವುದು. ಸೂಪರ್ ಮಾರ್ಕೆಟ್ ಜೊತೆ ಬೆಲೆಯಲ್ಲಿ ಗೆಲ್ಲಲಾಗದ ಅಂಗಡಿಗಳು ಬದುಕುತ್ತಿರುವುದು ಬಹುಮಟ್ಟಿಗೆ ಇದರಿಂದಲೇ. ಮಗು ಜೊತೆಗೆ ಬಂದರೆ ಕೇಳದೇ ಒಂದು ಸಾಸೇಜ್ ಹೋಳನ್ನು ಕೌಂಟರಿನ ಮೇಲಿಂದ ಚಾಚಿ ಕೊಡುವ ರೂಢಿಯೂ ಇದೆ. ಆ ಹೋಳು ತಿಂದು ಬೆಳೆದವರು ದೊಡ್ಡವರಾದ ಮೇಲೂ ಅದೇ ಅಂಗಡಿಗೆ ಬರುತ್ತಾರೆ.

ವಲಸೆ ಹೋದ ಜರ್ಮನರು ಈ ಅಂಗಡಿಯನ್ನೂ ಹೊತ್ತುಕೊಂಡು ಹೋದರು. ಫ್ರಾಂಕ್‌ಫರ್ಟಿನಲ್ಲಿ ಕಲಿತ ಫ್ರೆಡ್ ಉಸಿಂಗರ್ ಅಮೆರಿಕದ ಮಿಲ್ವಾಕಿಗೆ ಬಂದು ಒಬ್ಬ ವಿಧವೆಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. 1880ರಲ್ಲಿ ಆ ಅಂಗಡಿಯನ್ನೇ ಕೊಂಡರು, ಆಕೆಯ ಮನೆತನದ ಹುಡುಗಿಯನ್ನೇ ಮದುವೆಯಾದರು. ಮೊಮ್ಮಕ್ಕಳು, ಮರಿಮಕ್ಕಳವರೆಗೆ ವ್ಯಾಪಾರ ಅದೇ ಮನೆತನದಲ್ಲಿ ನಡೆದುಬಂತು. ನ್ಯೂಯಾರ್ಕಿನ ಯಾರ್ಕ್‌ವಿಲ್ ಒಂದು ಕಾಲಕ್ಕೆ ಜರ್ಮನರ ಬಡಾವಣೆ. ಅಲ್ಲಿ 1937ರಲ್ಲಿ ಶುರುವಾದ ಶಾಲರ್ ಅಂಡ್ ವೆಬರ್ ಅಂಗಡಿ ಶಾಲರ್ ಕುಟುಂಬದ ಮೂರನೇ ತಲೆಮಾರಿನ ಕೈಗೆ ಬಂತು. ಸುತ್ತಲಿನ ಜರ್ಮನರು ಹೆಚ್ಚುಕಡಿಮೆ ಎಲ್ಲ ಚದುರಿಹೋದರು, ಅಂಗಡಿ ಉಳಿಯಿತು.

ತಾಯ್ನಾಡಿನಲ್ಲಿ ಪರಿಸ್ಥಿತಿ ಅಷ್ಟು ಚೆನ್ನಾಗಿಲ್ಲ. ನಸುಕಿನಲ್ಲಿ ಏಳಬೇಕಾದ, ಚಳಿ ಕೋಣೆಯಲ್ಲಿ ನಿಲ್ಲಬೇಕಾದ ಕೆಲಸ. ಮಕ್ಕಳು ಬೇರೆ ದಾರಿ ಹಿಡಿಯುತ್ತಾರೆ. ಗಿರಾಕಿ ಇದ್ದೂ ಮುಂದೆ ನಡೆಸುವವರಿಲ್ಲದೆ ಬಾಗಿಲು ಹಾಕುವ ಅಂಗಡಿಗಳು ದಶಕಗಳಿಂದ ಹೆಚ್ಚುತ್ತಲೇ ಇವೆ. ಇಂಥ ಹೊತ್ತಿನಲ್ಲಿ 2022ರಲ್ಲಿ ಸ್ವಿಸ್ ಗಡಿಯ ಹತ್ತಿರದ ಬಾಡೆನ್ ಸೀಮೆಯ ಮಾಂಸದಂಗಡಿಗಳಿಗೆ ಭಾರತದಿಂದ 13 ಯುವಕ ಯುವತಿಯರು ಮೂರು ವರ್ಷದ ಕಲಿಕೆಗೆ ಬಂದರು. ಅವರ ಹಿಂದೆ ಇನ್ನೂ ಎಷ್ಟೋ ಜನ ಬಂದರು. ಭಾಷೆ ಹೊಸದು, ಚಳಿ ಹೊಸದು, ಕಸಬೂ ಹೊಸದು. ಆದರೂ ಅವರನ್ನು ಕರೆಸಿಕೊಂಡ ಅಂಗಡಿಗಳು ಹೊಸಬರನ್ನೂ ಕರೆಸಿಕೊಳ್ಳುತ್ತಿವೆ. ಮೈಸ್ಟರ್ ಪರೀಕ್ಷೆಯ ನಾಲ್ಕನೇ ಭಾಗ ಈಗ ಇವರಿಗಾಗಿ ಬಳಕೆಯಾಗುತ್ತಿದೆ.

ನೀವು ಆ ಕಡೆ ಹೋದರೆ ಕಿಟಕಿಯ ಮೇಲಿನ ಬರಹ ನೋಡಿ. ‘ಔಸ್ ಐಗನರ್ ಹೇರ್‌ಷ್ಟೆಲುಂಗ್’ ಅಂತ ಇದ್ದರೆ ನಮ್ಮದೇ ತಯಾರಿಕೆ ಅಂತ ಅರ್ಥ. ಒಳಗೆ ಹೋಗಿ, ಗೋಡೆಯ ಮೇಲಿರುವುದರಿಂದ ನೂರು ಗ್ರಾಂ ಕೇಳಿ, ಅದು ದಾರಿಯ ಬುತ್ತಿಗಾಗುತ್ತದೆ. ಬಿಳಿಯದು ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಯಾವುದು ಅಂತ ಗೊತ್ತಾಗದಿದ್ದರೆ ಇವತ್ತು ಮಾಡಿದ್ದು ಯಾವುದು ಅಂತ ಕೇಳಿ. ಬಹಳ ಸಲ ಅವರು ಬಾಯಲ್ಲಿ ಉತ್ತರ ಹೇಳುವುದಿಲ್ಲ, ಒಂದು ಹೋಳು ಕತ್ತರಿಸಿ ಫೋರ್ಕಿಗೆ ಚುಚ್ಚಿ ನಿಮ್ಮ ಕೈಗೇ ಕೊಡುತ್ತಾರೆ.